ನಾಲ್ಕನೆಯ ರೀಲು, ಐದನೆಯ ರೀಲು

ಸೂರ್ಯಕಾಂತಿ ಬೀಜ ಒಡೆಯುವ ಸದ್ದು, ಹಿಂದಿನ ಸಾಲಿನಿಂದ, ಟಿಕ್, ಟಿಕ್, ಪರದೆಯ ಮೇಲೆ ಏನೂ ನಡೆಯದಾಗ ಆ ಸದ್ದೇ ಸಿನಿಮಾ ಆಗಿಬಿಡುತ್ತದೆ, ಬೂದುಬಣ್ಣದ ನೆಲ, ತಗಡಿನ ಗುಡಿಸಲು, ಒಳಗೆ ಹೆಲ್ಮೆಟ್ ಹಾಕಿಕೊಂಡು ಕೂತ ಮನುಷ್ಯ, ಆರು ನಿಮಿಷದಿಂದ ಹಾಗೇ ಕೂತಿದ್ದಾನೆ, ಹೆಸರಿಲ್ಲದ ಗ್ರಹದಲ್ಲಿ, ಯಾರೋ ಕಳಿಸಿದ ಸಂಕೇತಕ್ಕೆ ಕಿವಿಗೊಟ್ಟು — ಇವನೇನು ಬಸ್ಸಿಗೆ ಕಾಯ್ತಿದಾನಾ, ಕಾಲೇಜಿನವನೊಬ್ಬ ಕೇಳುತ್ತಾನೆ, ನಗು, ಶ್ಶ್ ಅಂದವಳು ಇನ್ಸಾಫ್, ಬಂದರೂರು ಬಿಜೆರ್ತೆಯ ನಮ್ಮ ಚಿತ್ರಸಂಘವನ್ನು ಈಗ ನಡೆಸುವವಳು, ಮೂರು ಸಲ ಫೋನ್ ಮಾಡಿದ್ದಳು, ಸೀ ಖಮೀಸ್, ಸೀ ಎಂದರೆ ನಮ್ಮಲ್ಲಿ ಹಿರಿಯರಿಗೆ ಕೊಡುವ ಮರ್ಯಾದೆ, ನೀವು ಬರ್ಲೇಬೇಕು, ಈ ಊರಲ್ಲಿ ಇದನ್ನ ಮೊದಲು ತೋರಿಸಿದೋರು ನೀವೇ ಅಲ್ವಾ. ಹೌದು, ನಾನೇ, ಮೇಲಿನ ಆ ಪುಟ್ಟ ಪ್ರೊಜೆಕ್ಟರ್ ಕೋಣೆಯಲ್ಲಿ, ಬೆವರುತ್ತಾ. ಈಗ ಅಲ್ಲಿ ರೀಲೂ ಇಲ್ಲ ಆಪರೇಟರನೂ ಇಲ್ಲ, ತೊಳೆದು ತಿದ್ದಿದ ಹೊಸ ಪ್ರತಿ ಒಂದು ಚಿಕ್ಕ ಡಬ್ಬಿಯೊಳಗೆ ಬಂದಿದೆ, ಹಿಂದುಮುಂದು ಮಾಡಲು ದಾರಿಯೇ ಇಲ್ಲ. ನನ್ನ ಎಡಕ್ಕೆ ಮುನ್ಸಿಫ್, ಎಪ್ಪತ್ತೈದು ತುಂಬಿದೆ, ಮೊಣಕಾಲಿನ ನಡುವೆ ಊರುಗೋಲು, ಅವನಾಚೆ ಅವನ ಹೆಂಡತಿ ಬೇಯಾ, ಮಡಿಲಲ್ಲಿ ಕೈಚೀಲ. ಇನ್ನು ಇಪ್ಪತ್ತು ನಿಮಿಷಕ್ಕೆ ನಾಲ್ಕನೆಯ ರೀಲು ಬರುತ್ತದೆ, ನಾಲ್ಕನೆಯದಾಗಿಯೇ ಬರುತ್ತದೆ, ಅದು ನನಗೊಬ್ಬನಿಗೇ ಗೊತ್ತು.

ಎಪ್ಪತ್ತಾರನೆಯ ಇಸವಿ, ತಗಡಿನ ಡಬ್ಬಗಳು ಟ್ಯೂನಿಸ್‌ನಿಂದ ರೈಲಿನಲ್ಲಿ ಬಂದವು, ಮುಚ್ಚಳದ ಮೇಲಿನ ಅಂಕಿಗಳು ಉಜ್ಜಿಹೋಗಿದ್ದವು, ನನಗೆ ಇಪ್ಪತ್ತು ವರ್ಷ, ಮೂರರ ನಂತರ ಐದನ್ನು ಏರಿಸಿದೆ, ಐದರ ನಂತರ ನಾಲ್ಕನ್ನು, ಯಾರಿಗೂ ಗೊತ್ತಾಗಲಿಲ್ಲ, ಅಂಥ ಸಿನಿಮಾ ಅದು, ಎಲ್ಲಿ ನೋಡಿದರೂ ಬೂದು. ಮಾಡಿದವರು ಮಾಡಿದ್ದು ಹೀಗೆ: ದೂರದಿಂದ ಯಾರೋ ನಡೆದು ಬಂದು ಗುಡಿಸಲ ಬಾಗಿಲಲ್ಲಿ ನಿಲ್ಲುತ್ತಾರೆ, ಇವನು ತೆರೆಯುವುದಿಲ್ಲ, ಕೊನೆಗೆ ಒಬ್ಬನೇ ಕೂತು ಹೆಲ್ಮೆಟ್ ತೆಗೆಯುತ್ತಾನೆ, ಮುಗಿಯಿತು. ನಾನು ತೋರಿಸಿದ್ದರಲ್ಲಿ ಅವನು ಮೊದಲು ಹೆಲ್ಮೆಟ್ ತೆಗೆದ, ಆಮೇಲೆ ಬಾಗಿಲಿಗೆ ಯಾರೋ ಬಂದರು. ರೀಲು ಮರುಸುತ್ತುವಾಗ ಫಿಲ್ಮ್ ಪಟ್ಟಿಯ ತುದಿಯಲ್ಲಿ ಅಂಕಿ ಕಂಡಿತು, ಐದನ್ನು ಮೊದಲು ಹಾಕಿದ್ದೆ, ಹೇಳಿಬಿಡೋಣವೆಂದು ಮೆಟ್ಟಿಲಿಳಿದು ಓಡಿದೆ, ಆದರೆ ಕೆಳಗೆ ಅಷ್ಟರಲ್ಲಿ ಅರ್ಧ ಜನ ಸೀಟಿ ಹೊಡೆಯುತ್ತಿದ್ದಾರೆ, ಇದೆಂಥಾ ಸಿನಿಮಾ, ನಿದ್ದೆ ಮಾತ್ರೆ, ಉಳಿದರ್ಧ ಸುಮ್ಮನೆ ಅಳುವವರಂತೆ ನಿಂತಿದ್ದಾರೆ, ಕುರ್ಚಿಯ ಮೇಲೆ ಹತ್ತಿ ತತ್ವಶಾಸ್ತ್ರದ ಹೊಸ ಮೇಷ್ಟ್ರು ಮುನ್ಸಿಫ್, ನೋಡ್ರಪ್ಪಾ, ಮೊದಲು ನಾವು ತಲೆ ಬರಿದು ಮಾಡ್ಕೋಬೇಕು, ಆಮೇಲೇ ಅತಿಥಿ ಬರೋದು, ಅದೇ ಈ ಸಿನಿಮಾ, ಎಂದ, ಆಗ ಹಿಂದಿನಿಂದ ನರ್ಸಿನ ಬಿಳಿ ಉಡುಪಿನಲ್ಲೇ ಬಂದಿದ್ದ ಒಬ್ಬಳು, ಗಾಳಿ ಇಲ್ಲದ ಕಡೆ ಹೆಲ್ಮೆಟ್ ತೆಗೆದ್ರೆ ಸತ್ತೋಗ್ತಾರೆ ಸಾರ್, ಅತಿಥಿನೂ ಇಲ್ಲ ಗಿತಿಥಿನೂ ಇಲ್ಲ, ಸಾಯೋನಿಗೆ ಬಿದ್ದ ಕನಸು ಅದು, ಎಂದಳು. ಅವಳು ಬೇಯಾ. ಮುಂದಿನ ವಸಂತದಲ್ಲಿ ಅವರ ಮದುವೆಗೆ ನಾನು ಕುರ್ಚಿ ಹೊತ್ತೆ. ಅತಿಥಿಯ ಮಾತನ್ನು ಅವನು ಲೇಖನವಾಗಿಸಿದ, ಭಾಷಣವಾಗಿಸಿದ, ಮೂರು ತಲೆಮಾರಿನ ವಿದ್ಯಾರ್ಥಿಗಳಿಗೆ ಪಾಠವಾಗಿಸಿದ, ಸ್ಫಾಕ್ಸ್ ಪಟ್ಟಣದಿಂದ ಯಾರೋ, ನಮ್ಮೂರಲ್ಲಿ ಈ ಸಿನಿಮಾ ಬೇರೆ ಥರ ಇತ್ತಲ್ಲ ಮೇಷ್ಟ್ರೇ, ಎಂದು ಬರೆದಾಗ, ಸ್ಫಾಕ್ಸ್‌ನೋರಿಗೆ ವ್ಯಾಪಾರ ಗೊತ್ತು ಖಮೀಸ್, ಸಿನಿಮಾ ಗೊತ್ತಿಲ್ಲ, ಎಂದು ನಕ್ಕ, ನಾನೂ ನಕ್ಕೆ, ನಲವತ್ತೆಂಟು ವರ್ಷ ನಕ್ಕೆ, ಅದರಲ್ಲಿ ಕಷ್ಟವೇನೂ ಇರಲಿಲ್ಲ, ಒಬ್ಬರಿಗೂ ನಷ್ಟವಾಗದ ಸುಳ್ಳು ಎಂದುಕೊಂಡಿದ್ದೆ.

ದೂರದಲ್ಲಿ ಒಂದು ಚುಕ್ಕೆ, ಚುಕ್ಕೆ ಮನುಷ್ಯಾಕಾರವಾಗುತ್ತಿದೆ, ನಡೆದು ಬರುತ್ತಿದೆ, ಮುನ್ಸಿಫ್‌ನ ಬೆರಳು ನನ್ನ ಮಣಿಕಟ್ಟು ಹಿಡಿದವು, ಒಣಗಿದ ಬೆರಳು, ಬಿಗಿಯಾಗಿ, ಇಷ್ಟು ಬೇಗ ಬಂದ್ನಾ, ಇನ್ನೂ ಹೆಲ್ಮೆಟ್ ತೆಗ್ದಿಲ್ವಲ್ಲೋ, ಎಂದ, ನಾನು ಪರದೆ ನೋಡುತ್ತಲೇ ಇದ್ದೆ. ಹೋದ ತಿಂಗಳು ಮರೆವಿನ ಪರೀಕ್ಷೆಗೆಂದು ಡಾಕ್ಟರು ಗಡಿಯಾರದ ಚಿತ್ರ ಬಿಡಿಸಲು ಹೇಳಿದರಂತೆ, ಇವನು ಹನ್ನೆರಡೂ ಅಂಕಿಗಳನ್ನು ಒಂದೇ ಕಡೆ ಬರೆದನಂತೆ, ಮೀನಿನ ಮಾರುಕಟ್ಟೆಯಲ್ಲಿ ಬೇಯಾ ಹೇಳಿದ್ದು, ಸಾರ್ಡೀನಿನ ಕಣ್ಣು ಕೆಂಪಗಿದೆಯೇ ಎಂದು ನೋಡುತ್ತಾ, ಯಾರಿಗೂ ಹೇಳ್ಬೇಡ ಖಮೀಸ್, ಅವ್ರಿಗೇ ಗೊತ್ತಾಗಿ ಹೆದರಿಬಿಟ್ಟಿದಾರೆ. ಪರದೆಯ ಮೇಲೆ ಆ ಮನುಷ್ಯ ಹೆಲ್ಮೆಟ್ ತೆಗೆದ, ಬೋಳು ತಲೆ, ಮುಚ್ಚಿದ ಬಾಗಿಲು, ಮುಗಿಯಿತು, ಸಭಾಂಗಣದಲ್ಲಿ ಬೆಳಕು ಬಂತು. ಬೋರು, ಬರೀ ಬೋರು, ಎಂದ ಬೀಜದವನು, ಪಕ್ಕದವಳು, ನಂಗೆ ಉಸಿರು ಕಟ್ಟಿದಂಗಾಯ್ತು, ಇನ್ನೊಂದ್ಸಲ ನೋಡ್ಬೇಕು, ಎಂದಳು, ಅಷ್ಟರಲ್ಲಿ ಮುನ್ಸಿಫ್ ಊರುಗೋಲು ಊರಿ ಎದ್ದ, ಈ ಪ್ರತಿ ತಪ್ಪು, ಬಾಗಿಲಿಗೆ ಅವನು ಕೊನೇಲಿ ಬರ್ಬೇಕು, ಎಂದ. ಇನ್ಸಾಫ್ ಮೃದುವಾಗಿ, ಇಲ್ಲ ಸೀ ಮುನ್ಸಿಫ್, ಮೂಲದ ಜೊತೆ ಹೋಲಿಸಿ ಮಾಡಿದಾರೆ, ಇದೇ ಸರಿ, ಎಂದಳು, ಹಿಂದೆ ಯಾರೋ ಸಣ್ಣಗೆ ನಕ್ಕರು, ತಾತನಿಗೆ ಬೇರೆ ಸಿನಿಮಾ ನೆನಪಾಗಿದೆ. ಅವನು ಕೂತುಬಿಟ್ಟ. ವಾದ ಮಾಡಲಿಲ್ಲ. ಅದನ್ನು ನಾನು ಎಂದೂ ನೋಡಿರಲಿಲ್ಲ. ನನ್ನ ಕಿವಿಯ ಹತ್ತಿರ ಬಾಗಿ, ಖಮೀಸ್, ನಿಜ ಹೇಳು, ಅದೂ ಹೋಯ್ತಾ ನನ್ನ ತಲೆಯಿಂದ, ಎಂದ.

ಎದ್ದು ನಿಂತವನು ನಾನೇ ಎಂದು ತಡವಾಗಿ ತಿಳಿಯಿತು, ಹೇಳುತ್ತಿರುವ ಧ್ವನಿ ಯಾರದೋ ಆಪರೇಟರನದು, ಸಪ್ಪೆ ಧ್ವನಿ, ಇವ್ರಿಗೆ ಸರಿಯಾಗೇ ನೆನಪಿದೆ, ಎಪ್ಪತ್ತಾರರಲ್ಲಿ ಐದನೇ ರೀಲು ಮೊದಲು ಹಾಕಿದ್ದು ನಾನು, ಅವತ್ತೇ ಗೊತ್ತಾಯ್ತು, ಹೇಳ್ಲಿಲ್ಲ. ಬೀಜದ ಸದ್ದೂ ನಿಂತಿತು. ಮೊದಲು ನಕ್ಕವಳು ಬೇಯಾ, ಅಂದ್ರೆ ನಲವತ್ತೆಂಟು ವರ್ಷ ನಾವಿಬ್ರೂ ಕಿತ್ತಾಡಿದ್ದು ಈ ಪುಣ್ಯಾತ್ಮನ ಕೈತಪ್ಪಿಗಾ, ನಗುತ್ತಾ ನಗುತ್ತಾ ಕರವಸ್ತ್ರ ಹುಡುಕಿದಳು, ಮುನ್ಸಿಫ್ ನಗಲಿಲ್ಲ, ಬಯ್ಯಲಿಲ್ಲ, ನನ್ನ ಬೂಟು ನೋಡುತ್ತಾ, ಹಾಗಾದ್ರೆ ನೆನಪು ನನ್ನದೇ, ಎಂದ, ನಿನ್ನದೇ, ಎಂದೆ, ಮತ್ತೆ ಅವನೇ, ಎರಡನ್ನೂ ತಿಳಿದು ನೋಡಿದೋನು ನೀನು, ಯಾವುದು ಚೆನ್ನಾಗಿದೆ ಹೇಳೋ ಕಳ್ಳಾ, ನಾನು ಹೇಳಿದೆ, ನಿನ್ನದು ಚೆನ್ನಾಗಿತ್ತು, ಇದು ನಿಜ. ಆ ಮಾತು ಸುಳ್ಳೋ ನಿಜವೋ ನನಗೆ ಗೊತ್ತಿಲ್ಲ, ಹೇಳಿದ್ದಾಯಿತು. ಅವನು ಊರುಗೋಲನ್ನು ಬೇಯಾಳ ಕೈಗಿತ್ತು ಒಬ್ಬನೇ ಮುಂದೆ ನಡೆದ, ಸಾಲು ದಾಟಿ, ವೇದಿಕೆಯ ಎರಡು ಮೆಟ್ಟಿಲು ಹತ್ತಿ, ಬರಿದಾದ ಪರದೆಯ ಹತ್ತಿರ ನಿಂತ, ಗುಡಿಸಲ ಬಾಗಿಲು ಇದ್ದ ಜಾಗದಲ್ಲಿ ಬಲಗೈ ಇಟ್ಟ, ಇಡೀ ಅಂಗೈ, ಬಟ್ಟೆ ಸ್ವಲ್ಪ ಒಳಕ್ಕೆ ಹೋಯಿತು, ಇನ್ಸಾಫ್ ಏನೋ ಅಂದಳು, ಯಾರೋ ಕಿಟಕಿ ತೆರೆದರು, ಬಂದರಿನಿಂದ ಹಡಗಿನ ಕೂಗು, ಬಟ್ಟೆಯ ಮೇಲೆ ಅಂಗೈ, ನನ್ನ ಮೇಲೆ ಕೋಪ ಮಾಡಿಕೊಂಡನೇ, ನಾಳೆ ಕಾಫಿಗೆ ಕರೆಯುತ್ತಾನೆಯೇ, ಬಿಳಿ ಬಟ್ಟೆ, ಐದು ಬೆರಳು, ಅಂಗೈ, ಅವನು ಇನ್ನೂ ತೆಗೆದಿಲ್ಲ, ಅಂಗೈ —