ಯಾರ ಮಗಳೋ

"ಇನ್ನು ಆಕ್ಸಲರೇಟರ್ ತುಳೀಬೇಡಿ ಮೇಡಂ. ಪೆಟ್ರೋಲ್ ಕುಡ್ದು ಕೂತಿದೆ ಅದು," ಎನ್ನುತ್ತ ವೆಂಡೆಲ್ ಬಾನೆಟ್ ಎತ್ತಿದ.

ರೋಂಡಾ ಸ್ಟೇರಿಂಗ್ ಬಿಟ್ಟು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು. ಮುಂದೆ ಅಪ್ಪನ ಶವಪೆಟ್ಟಿಗೆಯಿದ್ದ ಕಪ್ಪು ಗಾಡಿ ಸಿಗ್ನಲ್ ದಾಟಿ ಕಾಯುತ್ತಿತ್ತು. ಹಿಂದೆ ಚರ್ಚಿನವರೆಗೂ ದೀಪ ಹಾಕಿಕೊಂಡ ಕಾರುಗಳ ಸಾಲು, ಒಂದೊಂದರ ಮೇಲೂ ಶವಯಾತ್ರೆಯ ಪುಟ್ಟ ಬಾವುಟ. ನಡುವೆ ಅಪ್ಪನ ಹಳದಿ ಫಿಂಚ್ ಕಾರು ಕೆಟ್ಟು ನಿಂತಿತ್ತು. ಒಹಾಯೊದ ಆ ಊರಲ್ಲಿ ಬೇರೆ ಜಾಗವೇ ಇಲ್ಲದಂತೆ, ಸರಿಯಾಗಿ ಹೈಸ್ಕೂಲಿನ ಎದುರಿಗೇ.

ತನ್ನ ಪೆಟ್ಟಿಗೆಯ ಹಿಂದೆ ಫಿಂಚೇ ಬರಬೇಕು, ಅದನ್ನು ಮಗಳೇ ಓಡಿಸಬೇಕು ಎಂದಿದ್ದ ಆರ್ವಿಲ್ ಸ್ಟಾಸಿಕ್. ಜೀವಮಾನವಿಡೀ ಮನೆಮನೆಯ ನೀರಿನ ಮೀಟರ್ ಓದಿಕೊಂಡಿದ್ದವನು, ಯಾರಿಂದಲೂ ಏನೂ ಕೇಳಿದವನಲ್ಲ. ಇಲ್ಲವೆನ್ನಲು ರೋಂಡಾಗೆ ಬಾಯಿ ಬರಲಿಲ್ಲ.

ಫಿಂಚ್ ಕೊಂಡು ಪಶ್ಚಾತ್ತಾಪಪಟ್ಟವರೆಲ್ಲ ಸೇರಿ ಕಟ್ಟಿಕೊಂಡ ಗುಂಪೊಂದಿತ್ತು. ಅದರಲ್ಲಿ ಉಳಿದಿದ್ದ ಆರು ಮುದುಕರು, ವೆಂಡೆಲ್ ಸೇರಿ, ಕರಿ ಕೋಟು ತೊಟ್ಟು ಬಂದಿದ್ದರು. ಪೆಟ್ರೋಲ್ ವಾಸನೆ ಹೋಗುವ ತನಕ ಮಾಡುವಂಥದ್ದೇನೂ ಇಲ್ಲವೆಂದು ಅವರಿಗೆ ಗೊತ್ತಿತ್ತು. ಬಾನೆಟ್ ಸುತ್ತ ನಿಂತು ಎಂದಿನಂತೆ ಹಳೇ ಕತೆ ತೆಗೆದರು.

"ನಂದು ಬಾಗಿಲು ತುಕ್ಕು ಹಿಡ್ದು ಕೈಗೇ ಬಂದಿತ್ತು," ಎಂದ ಗಸ್. "ಅತ್ತೆ ಅದಕ್ಕೇ ಒರಗಿ ಕೂತಿದ್ರು."

"ಬಿದ್ರಾ?"

"ಎಲ್ಲಿ. ಬೆಲ್ಟ್ ಹಾಕ್ಕೊಂಡಿದ್ರು."

ಸಾವಿನ ದಿನವೆಂದು ನಗುವನ್ನು ಗಂಟಲಲ್ಲೇ ತಡೆದುಕೊಂಡರು. ವೆಂಡೆಲ್ ಕಿಟಕಿಯ ಬಳಿ ಬಂದು ಬಾಗಿದ.

"ನಿಮ್ಮಪ್ಪಂದು ಒಂದು ಕತೆ ಇತ್ತು ಮೇಡಂ. ಸೇರಿದಾಗಲೆಲ್ಲ ಹೇಳಿಸ್ತಿದ್ವಿ. ಇದೇ ಸ್ಕೂಲ್ ಮುಂದೆ ಒಂದು ಹುಡುಗೀದು ಫಿಂಚ್ ಕೆಟ್ಟು ನಿಂತಿತ್ತಂತೆ. ಇವ್ನು ನೂಕಿ ಕೊಟ್ನಂತೆ."

ರೋಂಡಾ ಶಾಲೆಯತ್ತ ತಿರುಗಿ ನೋಡಿದಳು.

*

ಅವಳಿಗಾಗ ಹದಿನಾರು. ಲೈಸೆನ್ಸ್ ಬಂದ ಹೊಸತು. ಅಪ್ಪ ಪಕ್ಕದಲ್ಲಿ ಕೂತಿದ್ದ. ಶಾಲೆಯ ಎದುರು ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಮೊಣಕಾಲಿಗೆ ತೇಪೆ ಹಾಕಿದ ಸಮವಸ್ತ್ರದಲ್ಲಿ ಅಪ್ಪ ಇಳಿದುಹೋಗಿ ಹಿಂದಿನಿಂದ ನೂಕತೊಡಗಿದ.

ಗೆಳತಿ ಷೆರಿಲ್ ಕಾಲುದಾರಿಯಿಂದಲೇ ಕೂಗಿದಳು, "ಯಾರೇ ಅದು?"

"ಗೊತ್ತಿಲ್ಲ ಕಣೇ. ದಾರೀಲಿ ಹೋಗ್ತಿದ್ರು. ಪಾಪ, ನೂಕಿಕೊಡ್ತಿದಾರೆ."

ಅಪ್ಪನಿಗೆ ಕೇಳಿಸಿತು. ಮುಂದೆ ಬಂದು ಕಿಟಕಿಯಲ್ಲಿ ಬಾಗಿ, "ಗೇರ್ ಎರಡರಲ್ಲಿಡಿ ಮೇಡಂ. ನಾನು ಹೇಳ್ದಾಗ ಕ್ಲಚ್ ಬಿಡಿ," ಎಂದ. ತೊಟ್ಟಿಲಲ್ಲಿದ್ದಾಗಿನಿಂದ ಏಕವಚನದಲ್ಲಿ ಕರೆದ ಬಾಯಿಂದ ಅವಳಿಗೆ ಬಹುವಚನ ಬಂದದ್ದು ಅದೊಂದೇ ಸಲ.

ಎಂಜಿನ್ ಹಿಡಿಯಿತು. ಅಪ್ಪ ಅಪರಿಚಿತನಂತೆ ಟೋಪಿ ಮುಟ್ಟಿ, ಹಿಂದಿರುಗಿ ನೋಡದೆ ಕೆಲಸಕ್ಕೆ ನಡೆದುಹೋದ. ಸಂಜೆ ಊಟಕ್ಕೆ ಕೂತಾಗ ಆಲೂಗಡ್ಡೆಯ ಬಟ್ಟಲನ್ನು ಅವಳತ್ತ ಸರಿಸಿ "ತಗೋ" ಎಂದ, ಅಷ್ಟೇ. ಆಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ.

*

"ಆ ಹುಡುಗಿ ಕ್ಲಚ್ ಬಿಟ್ಟಿದ್ದು ಬೆಣ್ಣೆ ತರ ಇತ್ತು ಅಂತಿದ್ದ," ವೆಂಡೆಲ್ ಮುಂದುವರಿಸಿದ. "ಯಾರ ಮಗಳೋ, ಅವ್ರಪ್ಪ ಚೆನ್ನಾಗಿ ಕಲ್ಸಿದಾನೆ ಅಂತ ತಾನೇ ನಗ್ತಿದ್ದ."

"ಒಂದು ಥ್ಯಾಂಕ್ಸೂ ಹೇಳ್ಲಿಲ್ವಂತೆ, ಸೊಕ್ಕಿನವಳು," ಗಸ್ ದನಿಗೂಡಿಸಿದ. "ನಾವು ಬೈದ್ರೆ ಆರ್ವಿಲ್‌ಗೆ ಕೋಪ ಬರ್ತಿತ್ತು. ಹೆಸರು ಕೇಳಿದ್ರೆ ಹೇಳ್ತಿರ್ಲಿಲ್ಲ."

"ನಿಮ್ಮ ಓರಗೆಯವಳೇ ಇರ್ಬೇಕು ಮೇಡಂ. ಯಾರಂತ ಗೊತ್ತಾ?" ವೆಂಡೆಲ್ ಕೇಳಿದ.

"ಗೊತ್ತಿಲ್ಲ."

ಬಾಯಿಂದ ಬಂದೇಬಿಟ್ಟಿತು. ಅದೇ ಮಾತು, ಅದೇ ರಸ್ತೆಯಲ್ಲಿ. ಹುಡುಗುಬುದ್ಧಿ ಎಂದು ಇಷ್ಟು ವರ್ಷ ತನಗೆ ತಾನೇ ಸಮಾಧಾನ ಹೇಳಿಕೊಂಡು ಬಂದಿದ್ದಳು. ಈಗ ತಲೆ ನರೆತ ಮೇಲೆ ಏನೆಂದು ಹೇಳಿಕೊಳ್ಳುವುದು? ನನ್ನ ಮಗಳು ಎನ್ನಲಾರದೆ, ಹೊಗಳಿಕೆಯನ್ನೂ ಯಾರದೋ ಮಗಳ ಹೆಸರಿಗೆ ಬರೆದು ಅಪ್ಪ ಮುಂದಿನ ಗಾಡಿಯಲ್ಲಿ ಮಲಗಿದ್ದ.

ವೆಂಡೆಲ್ ಮೂಸಿ ನೋಡಿ ಬಾನೆಟ್ ಮುಚ್ಚಿದ. "ಬನ್ರಪ್ಪ, ನೂಕೋಣ." ಮುದುಕರು ಹಿಂದಕ್ಕೆ ಹೋದರು.

ರೋಂಡಾ ಕಿಟಕಿಯಿಂದ ತಲೆ ಹೊರಹಾಕಿದಳು. "ವೆಂಡೆಲ್ ಅವರೇ."

"ಹೇಳಿ ಮೇಡಂ."

"ಆ ಹುಡುಗಿ ನಾನೇ. ಅಪ್ಪ ನೂಕ್ತಿದ್ರು. ಯಾರೋ ಗೊತ್ತಿಲ್ಲ ಅಂದುಬಿಟ್ಟೆ."

ಗಸ್ ಬಗ್ಗಿ, ಸರಿಯಾಗಿಯೇ ಇದ್ದ ಟೈರನ್ನು ಒತ್ತಿ ನೋಡತೊಡಗಿದ. ವೆಂಡೆಲ್ ಎರಡೂ ಕೈಗಳನ್ನು ಗಾಡಿಯ ಬೆನ್ನಿಗೆ ಕೊಟ್ಟ.

"ಗೇರ್ ಎರಡರಲ್ಲಿಡಮ್ಮ," ಎಂದ. "ಹೇಳ್ದಾಗ ಕ್ಲಚ್ ಬಿಡು."

ಗಾಡಿ ನಿಧಾನಕ್ಕೆ ಉರುಳತೊಡಗಿತು. ರೋಂಡಾ ಕನ್ನಡಿಯಲ್ಲಿ ನೋಡಿದಳು. ಆರು ಕರಿ ಕೋಟುಗಳು, ತಗ್ಗಿದ ಆರು ಬಿಳಿತಲೆಗಳು. ಒಬ್ಬನ ಮುಖವೂ ಕಾಣಿಸಲಿಲ್ಲ.