ತೊಟ್ಟಲದಾಗ ಹಿಡದಷ್ಟ ಸಾಮಾನು

ಹರಗೋಲು ನಡಸೂ ಹಣಮಂತ ಮೊದಲ ಹೇಳಿ ಕಳಿಸಿದ್ದ. ತೊಟ್ಟಲಾ ನಡುವ ಇಡತೇನಿ, ನೀವು ಸುತ್ತ ಕುಂದರ್ರಿ, ಉಳದ ಸಾಮಾನು ಏನಿದ್ರೂ ತೊಟ್ಟಲದಾಗ ಹಿಡದಷ್ಟ. ಒಂದ ತಂಬಗಿ ಹೆಚ್ಚಾದ್ರೂ ದಂಡಿಮ್ಯಾಲ ಇಟ್ಟ ಹೋಗತೇನಿ ಅಂತ.

ತೊಟ್ಟಲಾ ಶಂಕ್ರೆವ್ವನ ಕೂಸಿಂದು. ಶಂಕ್ರೆವ್ವ ಅಂದ್ರ ನಿಡೋಣಿ ಲಕ್ಕವ್ವನ ಮಗಳು, ಕೆಳಗ ಹೊಳಿದಂಡಿ ಊರಿಗಿ ಕೊಟ್ಟಿದ್ರು. ಬಾಣಂತನಕ್ಕ ಕರ್ಕೊಂಡ ಬರೂದ್ರಾಗ ಕೂಸ ಅಲ್ಲೇ ಹುಟ್ಟಿಬಿಟ್ಟಿತ್ತು. ಹೆಸರಿಡೂ ದಿನಾ ತವರಿನವ್ರು ತೊಟ್ಟಲಾ, ಕೌದಿ ತಗೊಂಡ ಹೋಗಬೇಕಲ್ಲ. ತಿಕೋಟಾದ ಬಡಿಗ್ಯಾ ಆ ತೊಟ್ಟಲಕ್ಕ ಬಣ್ಣದ ಗಿಳಿ ಕುಂದರಿಸಿದ್ದ. ಎರಿಮಣ್ಣಿನ ಹಾದ್ಯಾಗ ಬಂಡಿ ಜಿಗದ್ರ ಗಿಳಿ ಕೊಕ್ಕ ಉಳಿಯೂದಿಲ್ಲ ಅಂತ ಲಕ್ಕವ್ವಗ ಹೆದರಿಕಿ. ಅದಕ್ಕ ಹೊಳಿ ತನಕ ಆಳಿನ ತಲಿಮ್ಯಾಲ, ಅಲ್ಲಿಂದ ಹರಗೋಲದಾಗ ಅಂತ ಆತು. ಎರಡ ರಾತ್ರಿ ದಾರ್ಯಾಗ ಮುಕ್ಕಾಂ.

ಸಾಮಾನು ಕಟ್ಟೂ ಕೆಲಸ ಸೊಸಿ ರುದ್ರವ್ವಂದು. ಆಕಿಗಿ ಹೋಗಬೇಕಂದ್ರ ಹೋಗಬೇಕ ಇತ್ತು. ಎರಡನೇ ಮುಕ್ಕಾಂ ಮಾಡೂ ಉಸುಕಿನ ಎದರ ದಂಡಿಗೇ ಆಕಿ ತವರೂರು. ಅವ್ವನ ಮಾರಿ ನೋಡಿ ಎರಡ ವರ್ಷ ಆಗಿತ್ತು. ಅರ್ಧಾ ದಿನ ದಾಟಿಸಿ ತೋರಸ್ಕೊಂಡ ಬರತೇನಿ ಅಂತ ಗಂಡ ಅಮರಪ್ಪ ಮಾತ ಕೊಟ್ಟಿದ್ದ. ಆದ್ರ ರುದ್ರವ್ವಗ ಮೂರು ತಿಂಗಳಾಗಿತ್ತು, ಗಂಡಗೂ ಹೇಳಿರಲಿಲ್ಲ. ಬಸರ ಹೆಂಗಸು ಹೊಳಿ ದಾಟಬಾರದು. ಇದು ಲಕ್ಕವ್ವ ಮಾಡಿದ ಕಾನೂನಲ್ಲ, ಆಕಿ ಅತ್ತಿಯ ಅತ್ತಿಂದು. ಬಾಯಿ ಬಿಟ್ರ ಹರಗೋಲು ಹತ್ತಾಕೂ ಬಿಡೂದಿಲ್ಲ, ಮನ್ಯಾಗ ಕುಂದರೂದ.

ಆಕಿ ಬಾಯಿ ಮುಚಗೊಂಡು ಸಾಮಾನು ಇಟ್ಟಳು. ತಳಕ್ಕ ಖಡಕ ರೊಟ್ಟಿ, ಶೇಂಗಾ ಹಿಂಡಿ. ಉರಿ ಹಚ್ಚಾಕ ನಾಕು ಕುಳ್ಳು. ಕಂದೀಲಾ ಬಿಟ್ಟಳು, ಲಡಾಯಿ ಕಾಲ, ಚಿಮಣಿ ಎಣ್ಣಿ ಎಲ್ಲಿಂದ ಬರಬೇಕು? ಅತ್ತಿದು ವಿಜಾಪುರ ಪ್ಯಾಟಿ ಮಿಸ್ರಿ ಡಬ್ಬಿ. ಹಲ್ಲಿಗಿ ಆ ಸುಟ್ಟ ತಂಬಾಕಿನ ಪುಡಿ ತಿಕ್ಕದಿದ್ರ ಲಕ್ಕವ್ವಗ ಬೆಳಗ ಆಗೂದ ಇಲ್ಲ. ಅಮರಪ್ಪಂದು ದಿಂಬು. ಆ ದಿಂಬ ಇಲ್ಲಂದ್ರ ಅವಗ ನಿದ್ದಿ ಹತ್ತೂದಿಲ್ಲ, ಲಗ್ನಕ್ಕ ಬೀಗರ ಮನಿಗೂ ಬಗಲಾಗ ಹಿಡಕೊಂಡ ಬಂದಿದ್ದ. ಕಂಬಳಿ. ಅತ್ತಿ ಹಳೇ ಕೌದಿ. ಎಲ್ಲಾದ್ರ ಮ್ಯಾಲ ಕೂಸಿನ ಹೊಸಾ ಕೌದಿ, ಬಾಣಂತಿಗೂ ಆಗುವಂಥ ದೊಡ್ಡದು, ರುದ್ರವ್ವನೇ ಹೊಲದಿದ್ಲು.

ಆಕಿದೂ ಒಂದ ಇತ್ತು. ಹುಣಸಿಹಣ್ಣು, ಬೆಲ್ಲಾ, ಜೀರಗಿ ಕುಟ್ಟಿ ಮಾಡಿದ ಚಿಗಳಿ, ಸಣ್ಣ ಗಡಿಗಿ ತುಂಬ. ಮುಂಜಾನಿ ಅದನ್ನ ಚೀಪದಿದ್ರ ಹೊಟ್ಟಿ ತೊಳಸತಿತ್ತು. ಹೆಂಗಿಟ್ರೂ ಗಡಿಗಿ ಹಿಡೀಲಿಲ್ಲ. ಕಂಬಳಿ ಐತಲ್ಲ ಅಂತ ಅತ್ತಿ ಹಳೇ ಕೌದಿ ತಗದು ಗ್ವಾಡಿ ಮಾಡದಾಗ ತುರುಕಿ ಬಂದ್ಳು.

ಮೊದಲ ರಾತ್ರಿ ಒಬ್ಬ ರೈತ ತನ್ನ ಗುಡಸಲದಾಗ ಜಾಗಾ ಕೊಟ್ಟ, ಬೆಚ್ಚಗ ಕಳೀತು. ಎರಡನೇ ದಿನ ಕಲ್ಲಿನ ಹಂತ್ಯಾಕ ಹರಗೋಲು ಗಿರಗಿಟ್ಲಿ ತಿರಗಿ ಒಳಗ ನೀರ ಬಂತು. ಗಿಳಿಗಿ ಏನೂ ಆಗಲಿಲ್ಲ, ಆದ್ರ ಮಗ್ಗಲಕ ಇಳಿಬಿಟ್ಟಿದ್ದ ಕಂಬಳಿ ಹಿಂಡೂಹಂಗ ತೋಯ್ತು.

ಹೊತ್ತ ಮುಳಗೂದ್ರಾಗ ಉಸುಕಿಗಿ ಹತ್ತಿದ್ರು. ಪುಷ್ಯದ ಗಾಳಿ. ಎದರ ದಂಡಿಗಿ ತವರಿನ ಹೊಗಿ ಕಾಣತಿತ್ತು, ರುದ್ರವ್ವ ಅದನ್ನ ನೋಡಕೋಂತ ಕುಳ್ಳು ಒಟ್ಟಿದ್ಲು. ಲಕ್ಕವ್ವ ತನ್ನ ಕೌದಿ ಕೇಳಿದ್ಲು. ಮರತ ಬಂದೇನ್ರಿ ಅಂದ್ಳು ಸೊಸಿ. ಮುದಕಿ ಬೈಲಿಲ್ಲ, ಬೈಯಾಕ ಹಲ್ಲ ಒಂದಕ್ಕೊಂದು ಕೂಡಬೇಕಲ್ಲ, ಅವು ಕಟಕಟ ಅನ್ನಾಕತ್ತಿದ್ವು.

ಕೂಸಿನ ಕೌದಿ ಹೊಚಗೋ ಅಂದ ಅಮರಪ್ಪ.

"ಹೊಟ್ಟಿ ತುಂಬಿಸಿದ ಕೌದಿ ಅದು," ಅಂದ್ಳು ಲಕ್ಕವ್ವ. "ಕೂಸ ಹೊಚಗೊಳ್ಳೂಕಿಂತ ಮೊದಲ ಮುದಕಿ ಹೊಚಗೊಂಡ್ರ ಅದರ ಆಯುಷ್ಯ ನಾ ತಿಂದಂಗ."

ಕೌದಿ ಹೊಲದು ಮುಗಸೂ ಮುಂದ ಕಡೀ ಮೂಲಿ ಹೊಲಿಗಿ ಹಾಕೂ ಮೊದಲ ಒಳಗ ಹೋಳಿಗಿ ಚೂರು ಇಡತಾರ, ಅದರ ಹೊಟ್ಟಿ ತುಂಬಿದ್ರ ಹೊಚಗೊಂಡವ್ರ ಹೊಟ್ಟಿನೂ ತುಂಬಿರತೈತಿ ಅಂತ. ಈ ಕೌದಿಗಿ ಆ ಚೂರು ಇಟ್ಟಾಕಿ ಲಕ್ಕವ್ವನೇ. ಈಗ ಆಕಿನ್ನ ಯಾರು ಒಪ್ಪಸಬೇಕು? ಅಮರಪ್ಪ ಹೇಳಿ ಸೋತ, ಹಣಮಂತ ಹೇಳಿ ಸೋತ. ಮುದಕಿ ತುಟಿ ನೀಲಿ ಆದ್ವು.

ರುದ್ರವ್ವ ಎದರ ದಂಡಿ ಹೊಗಿ ಇನ್ನೊಂದ ಸಲ ನೋಡಿದ್ಲು. ಎದ್ದು ತೊಟ್ಟಲದಾಗಿನ ಕೌದಿ ತಗದು, ಅತ್ತಿ ಮಗ್ಗಲಕ ಕುಂತು, ತನ್ನ ಹೊಟ್ಟಿಮ್ಯಾಲ ಹೊಚಗೊಂಡ್ಳು.

"ಕೂಸ ಮೊದಲ ಹೊಚಗೊಂಡತ್ರಿ. ಇನ್ನ ನೀವು ಹೊಚಗೋರಿ."

ಲಕ್ಕವ್ವ ಕೌದಿ ನೋಡಿದ್ಲು, ಸೊಸಿ ಮಾರಿ ನೋಡಿದ್ಲು. "ಯಾವ ಕೂಸು?"

"ನಿಮ್ಮ ಮಗಂದ್ರಿ."

ಅಮರಪ್ಪನ ಕೈಯಾಗಿನ ದಿಂಬ ಉಸುಕಿಗಿ ಬಿತ್ತು. ಕೌದಿ ಹೊಚಗೊಂಡು ಮೈ ಬೆಚ್ಚಗಾದಮ್ಯಾಲ ಲಕ್ಕವ್ವ ಬೈಯಾಕ ಸುರು ಮಾಡಿದ್ಲು. ಮೊದಲ ಸೊಸಿಗಿ, ಆಮ್ಯಾಲ ಏನೂ ತಿಳೀದ ಮಗಗ, ಕಡೀಕ ತನ್ನ ಕಣ್ಣಿಗಿ. ಬೈದ ಮುಗಿಸಿ ಹಣಮಂತನ ಕಡೆ ತಿರಗಿ, ಈಕಿ ಹೊಳಿ ದಾಟ್ಯಾಳೋ ಇಲ್ಲೋ ಅಂತ ಕೇಳಿದ್ಲು. ಎಲ್ಲಿ ದಾಟೇವ್ರಿ, ಹೊಳಿಗುಂಟ ಬಂದೇವಿ, ಇದು ನಮ್ಮ ದಂಡಿ ಉಸುಕ ಅಂದ ಹಣಮಂತ.

"ಹಂಗಾದ್ರ ಚಲೋ ಆತು. ನಾಳೆನೂ ದಾಟೂದಿಲ್ಲ."

ರುದ್ರವ್ವಗ ಇದು ಗೊತ್ತಿತ್ತು. ಕುಳ್ಳು ತಿರುವಿ ಹಾಕಿ ಹೊಗಿ ಕಣ್ಣಿಗಿ ಹೋತು ಅಂತ ಸೆರಗ ಹಿಡದ್ಳು. ಲಕ್ಕವ್ವ ಬೆಂಕಿ ಕಡೆ ನೋಡಕೋಂತ ಅಂದ್ಳು, "ಈಕಿ ಅವ್ವ ಏನ ಬಸರಿಲ್ಲಲ್ಲ. ಆಕಿನ್ನ ಕರ್ಕೊಂಡ ಬಾ, ಹಣಮಂತಾ."

ಮುಂಜಾನಿ ಹರಗೋಲು ಎದರ ದಂಡಿಗಿ ಹೋಗಿ ಬಂತು. ರುದ್ರವ್ವನ ಅವ್ವ ತಲಿಮ್ಯಾಲ ದಪ್ಪನ ಕೌದಿ ಹೊತಗೊಂಡು ಇಳದ್ಳು. ನಿಮ್ಮ ಬೀಗತಿ ಥಂಡ್ಯಾಗ ಕುಂತಾಳ ಅಂತ ಹಣಮಂತ ಹೇಳಿದ್ನಂತ. ತಾಯಿ ಮಗಳು ಉಸುಕಿನ್ಯಾಗ ಕುಂತು ಮಧ್ಯಾಹ್ನದ ತನಕ ಮಾತಾಡಿದ್ರು. ಅಷ್ಟರಾಗ ಲಕ್ಕವ್ವಗ ತೊಟ್ಟಲದಾಗ ಗಡಿಗಿ ಸಿಕ್ಕಿತ್ತು. ತನ್ನ ಕೌದಿ ಯಾಕ ಮನ್ಯಾಗ ಉಳೀತು ಅನ್ನೂದು ತಿಳಕೊಂಡು, ಒಂದ ಉಂಡಿ ಚೀಪಿ, ಉಪ್ಪ ಕಮ್ಮಿ ಆಗೇತಿ ಅಂದ್ಳು.

ಹೊಂಡೂ ಮುಂದ ಹಣಮಂತ ತಕರಾರ ತಗದ. ಬೀಗತಿ ತಂದ ಕೌದಿ ಹೆಚ್ಚಿಗಿ ಆಗೇತಿ, ತೊಟ್ಟಲದಾಗ ಹಿಡದಷ್ಟ ಅಂತ ಮೊದಲ ಹೇಳೇನಿ, ಏನಾರ ಒಂದ ಇಳಸ್ರಿ ಅಂದ. ಲಕ್ಕವ್ವ ಮಿಸ್ರಿ ಡಬ್ಬಿ ಉಡ್ಯಾಗ ಹಾಕೊಂಡ್ಳು. ರುದ್ರವ್ವ ಗಡಿಗಿ ತೊಡಿಮ್ಯಾಲ ಇಟಗೊಂಡ್ಳು.

ಅಮರಪ್ಪನ ದಿಂಬ ರುದ್ರವ್ವನ ಅವ್ವನ ಬಗಲಾಗ ಹೊಳಿ ದಾಟಿ ಅತ್ತಿಮನಿಗಿ ಹೋತು.