ಹಾಲಿನ ತಮ್ಮ

ಇದರಲ್ಲಿ ಒಂದು ಮಾತು ಕಟ್ಟಿ ಹೇಳಿದ್ದರೂ ನನ್ನ ಗಡ್ಡವನ್ನು ಊರ ಕತ್ತೆಗಳು ಮೇಯಲಿ.

"ಇಳಿಯೋ ಕೆಳಕ್ಕೆ, ಹಲ್ಕಾ ನನ್ಮಗನೆ! ಹೆಣ್ಣುಮರಕ್ಕೆ ಗಂಡುಹೂ ಕಟ್ಟೋಕೆ ಇಷ್ಟೊತ್ತಾ? ಮದುವೆ ಮಾಡಿಸ್ತಿದೀಯೇನೋ ಮೇಲೆ?"

ಶೇಖ್ ಹಮೂದ್ ಕೆಳಗಿನಿಂದ ಕೂಗಿದಾಗ ಮರ್ಜಾನ್ ಖರ್ಜೂರದ ಮರದ ತುದಿಯಲ್ಲಿ ಸೊಂಟದ ಹಗ್ಗಕ್ಕೆ ಒರಗಿ ಹೂಧೂಳಿಗೆ ಸೀನುತ್ತಿದ್ದ. ಖರ್ಜೂರದಲ್ಲಿ ಹಣ್ಣು ಬಿಡುವುದು ಹೆಣ್ಣುಮರ ಮಾತ್ರ, ಅದೂ ಗಂಡುಹೂವನ್ನು ಕೈಯಾರೆ ಕಟ್ಟಿದರೆ.

"ಬಂದೆ ಧಣಿ. ಮದುವೆ ಆಗಿದ್ರೆ ಊಟನಾದ್ರೂ ಹಾಕ್ತಿದ್ರು."

ಅವತ್ತು ಪಟ್ಟಣದಿಂದ ಡಾಕ್ಟರ್ ಲುಬ್ನಾ ಬಂದಿದ್ದಳು. ಮೂಳೆ ಹಿಂಡುವ ರಕ್ತದ ಕಾಯಿಲೆ ವಂಶದಲ್ಲಿ ಹೇಗೆ ಇಳಿದು ಬರುತ್ತದೆಂದು ನೋಡಲು ಅವಳಿಗೆ ಶೇಖನ ಮನೆತನದ ರಕ್ತ ಬೇಕಿತ್ತು. ಕೊಟ್ಟವರ ಮಕ್ಕಳಿಗೆ ಔಷಧಿ ಪುಕ್ಕಟೆ. ಮರ್ಜಾನನ ಮಗಳು ಜವಾಹಿರ್ ನೋವು ಬಂದರೆ ಚಾಪೆ ಕಚ್ಚಿ ಅಳುತ್ತಿದ್ದಳು. ಅವನೂ ತೋಳು ಮಡಚಿ ಸಾಲಿನಲ್ಲಿ ನಿಂತ.

"ನೀನ್ಯಾಕೋ ಇಲ್ಲಿ?" ಶೇಖ್ ಉರಿದುಬಿದ್ದ. "ನಮ್ದು ಶುದ್ಧ ರಕ್ತ. ನಿಮ್ದು ಗುಲಾಮರದ್ದು. ಬೆರೆತ್ರೆ ಮಿಷಿನ್ನೇ ಕೆಟ್ಟೋಗತ್ತೆ."

"ಇವರು ಯಾರು?" ಡಾಕ್ಟರ್ ಕೇಳಿದಳು.

"ಅವರ ತಮ್ಮ" ಎಂದ ಮರ್ಜಾನ್.

ಶೇಖ್ ಅದನ್ನು ಸುಳ್ಳೆನ್ನುವಂತಿರಲಿಲ್ಲ. ಅವನೂ ಅವನ ತಂಗಿಯರೂ ಬೆಳೆದದ್ದು ಮರ್ಜಾನನ ತಾಯಿ ಜರೀಫಾಳ ಮೊಲೆಹಾಲಿನಲ್ಲಿ. ಅವರ ಧರ್ಮದಲ್ಲಿ ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರೇ. ಅದಕ್ಕೇ ಮರ್ಜಾನ್ ಒಳಮನೆಗೆ ನೀರು ಹೊತ್ತು ಹೋದಾಗ ಆ ತಂಗಿಯರು ಮುಸುಕು ಎಳೆದುಕೊಳ್ಳದೆಯೇ ಅವನನ್ನು ಬೈಯುತ್ತಿದ್ದರು. ಈಗ ತಮ್ಮನಲ್ಲವೆಂದರೆ ಅವರ ಮಾನ ಬೀದಿಪಾಲು.

"ಹೂಂ, ತಮ್ಮ" ಎಂದು ಶೇಖ್ ಹಲ್ಲು ಕಡಿದ. ಹೇಗೆ ತಮ್ಮ ಎಂದು ಡಾಕ್ಟರ್ ಕೇಳಲಿಲ್ಲ. ಯಾರೂ ಹೇಳಲೂ ಇಲ್ಲ.

ಖರ್ಜೂರದ ಕಟಾವಿನ ಹೊತ್ತಿಗೆ ಅವಳು ಮತ್ತೆ ಬಂದಳು. ಶೇಖನ ಚಾವಡಿಯಲ್ಲಿ ಊರ ಹಿರಿಯರು ದಿಂಬಿಗೊರಗಿದ್ದರು. ಮರ್ಜಾನ್ ಎಂದಿನಂತೆ ಬಾಗಿಲಲ್ಲಿ, ಚಪ್ಪಲಿಗಳ ಪಕ್ಕ, ಕಾಫಿ ಪಾತ್ರೆ ಹಿಡಿದು ನಿಂತಿದ್ದ.

"ಶೇಖರೇ, ನಿಮ್ಮಿಬ್ಬರ ರಕ್ತದಲ್ಲೂ ಒಂದೇ ದೋಷ ಇದೆ. ಮರ್ಜಾನರ ಮಗಳಿಗೆ ನಾಳೆಯಿಂದಲೇ ಔಷಧಿ ಕೊಡ್ತೀವಿ."

"ಅವನು ಹಾಲಿನ ತಮ್ಮ ಕಣಮ್ಮ!" ಶೇಖ್ ಕುಳಿತಲ್ಲೇ ಹಾರಿದ. "ಈ ದರಿದ್ರ ಅವನವ್ವನ ಹಾಲಿಂದ್ಲೇ ನಂಗಂಟಿರೋದು!"

"ಹಾಲಾ?" ಡಾಕ್ಟರ್ ಕನ್ನಡಕ ಸರಿಮಾಡಿಕೊಂಡಳು. "ಹಾಲು ರಕ್ತದಲ್ಲಿ ಕಾಣಿಸಲ್ಲ ಶೇಖರೇ. ನಿಮಗಿಬ್ಬರಿಗೂ ತಾಯಿ ಬೇರೆ, ಅಪ್ಪ ಒಬ್ಬರೇ. ತಮ್ಮ ಅಂತ ನೀವೇ ಹೇಳಿದ್ರಲ್ಲ?"

ಹಿರಿಯರೊಬ್ಬರು ಬಾಯಲ್ಲಿದ್ದ ಖರ್ಜೂರವನ್ನು ಬೀಜ ಸಮೇತ ನುಂಗಿದರು.

ಸಾಯುವವರೆಗೂ ಜರೀಫಾ, ಹಮೂದನ ಅಪ್ಪ ದೊಡ್ಡ ಶೇಖನ ಹೆಸರು ಬಂದಾಗಲೆಲ್ಲ ನೆಲಕ್ಕೆ ಉಗಿಯುತ್ತಿದ್ದಳು. ಯಾಕೆಂದು ಮರ್ಜಾನನಿಗೆ ಇವತ್ತು ತಿಳಿಯಿತು. ಅವನು ಕಾಫಿ ಪಾತ್ರೆಯನ್ನು ಕೆಳಗಿಟ್ಟ. ಚಪ್ಪಲಿಗಳನ್ನು ದಾಟಿ ಬಂದು ಶೇಖನ ದಿಂಬಿಗೇ ಒರಗಿ ಕೂತ.

"ಒಸಿ ಸರ್ಕೋ ಅಣ್ಣಾ. ಕಾಫಿ ಬಗ್ಗಿಸು. ಔಷಧಿ ಸಿಕ್ತು, ಒಳ್ಳೇದಾಯ್ತು. ಈಗ ನಮ್ಮಪ್ಪನ ತೋಟದ ಮಾತಾಡಾನ. ಗಂಡುಮರ ಎಲ್ಲಾ ನೀನೇ ಇಟ್ಕೋ, ಅಪ್ಪನ ನೆನಪಿಗೆ. ಹೆಣ್ಣುಮರ ಹತ್ತಿ ಹತ್ತಿ ಸೊಂಟ ಮುರ್ಕೊಂಡೋನು ನಾನು, ಅದ್ರಲ್ಲಿ ನಂಗೆ—"

ಶೇಖ್ ಎದ್ದು ಹೊರಟೇಬಿಟ್ಟ. ಅವಸರದಲ್ಲಿ ಅವನ ಕಾಲಿಗೆ ಸಿಕ್ಕಿದ್ದು ಮರ್ಜಾನನ ಹರಿದ ಚಪ್ಪಲಿ.